ಲೈಬ್ರರಿಯ ಕೀಲಿಕೈ ಯಾರ ಕೈಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಪತ್ರಗಳೆಲ್ಲ ಒಂದೇ ಚಿಂತೆಯ ಸುತ್ತ ಇವೆ. ಸಂಬಳವಿಲ್ಲದೆ ನಡೆಯುವ ಮುಕ್ತ ತಂತ್ರಾಂಶದ ಲೈಬ್ರರಿಗೆ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ಗೆ) ಹೊಸ ಮೇಂಟೇನರ್‌ಗಳನ್ನು, ಅಂದರೆ ಅದನ್ನು ನೋಡಿಕೊಳ್ಳುವವರನ್ನು, ಆರಿಸುವುದು ಹೇಗೆ, ಆರಿಸಿದ ಮೇಲೆ ಅವರ ಕೈಗೆ ಏನೇನು ಕೊಡುವುದು? ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ, ಏಳಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನವನಗರ, ಬಾಗಲಕೋಟೆ: ನುಡಿ ಅಕ್ಷರದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪೈಥಾನ್ ಲೈಬ್ರರಿಯನ್ನು ನಾಲ್ಕು ವರ್ಷದಿಂದ ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ. 180 ಇಶ್ಯೂ (ಬಳಸುವವರ ದೂರು, ಕೋರಿಕೆ) ಬಾಕಿ ಇವೆ. ಇಬ್ಬರು ನೆರವಿಗೆ ಬರುತ್ತೇವೆ ಅನ್ನುತ್ತಿದ್ದಾರೆ. ಒಬ್ಬರು ಈಗಾಗಲೇ 40 ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಕಳಿಸುವ ಕೋಡ್ ತಿದ್ದುಪಡಿ) ಕಳಿಸಿದ್ದಾರೆ. ಇನ್ನೊಬ್ಬರದು ಆರೇ ಆರು, ಆದರೆ ಬೇರೆಯವರ ಇಶ್ಯೂಗಳಿಗೆ ಉತ್ತರ ಕೊಡುತ್ತ ಇರುತ್ತಾರೆ. ಯಾರನ್ನು ಆರಿಸಲಿ?

ಆರು ಕಳಿಸಿದವರನ್ನು ಮೊದಲು ಕರೆಯಿರಿ. 40 ಕಳಿಸಿದವರು ಬೇಡ ಎಂದಲ್ಲ. ಮೇಂಟೇನರ್ ದಿನವೂ ಮಾಡುವ ಕೆಲಸದಲ್ಲಿ ಹೊಸ ಕೋಡ್ ಬರೆಯುವುದು ಸಣ್ಣ ಪಾಲು. ಬಂದ ದೂರನ್ನು ತನ್ನ ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡಬೇಕು, ಇನ್ನೊಬ್ಬರು ಬರೆದದ್ದನ್ನು ಸಾಲು ಸಾಲಾಗಿ ಓದಬೇಕು, ಯೋಚನೆ ಚೆನ್ನಾಗಿದ್ದರೂ ಈ ಲೈಬ್ರರಿಗೆ ಹೊಂದುವುದಿಲ್ಲ ಎಂದು ಮನಸ್ಸು ನೋಯದಂತೆ ಹೇಳಬೇಕು, ಬಿಡುಗಡೆಯ ದಿನ ಚೇಂಜ್‌ಲಾಗ್ (ಏನೇನು ಬದಲಾಯಿತು ಎಂಬ ಪಟ್ಟಿ) ಬರೆಯುತ್ತ ಕೂರಬೇಕು. ಕಮಿಟ್‌ಗಳ (ದಾಖಲಾದ ಕೋಡ್ ಬದಲಾವಣೆಗಳ) ಲೆಕ್ಕ ಇದ್ಯಾವುದನ್ನೂ ತೋರಿಸುವುದಿಲ್ಲ.

ಇಬ್ಬರನ್ನೂ ಅಳೆಯಲು ನಿಮ್ಮ ಲೈಬ್ರರಿಯಲ್ಲೇ ಒಳ್ಳೆಯ ಒರೆಗಲ್ಲು ಇದೆ. ನುಡಿಯ ಹಳೆಯ ಜೋಡಣೆಯಲ್ಲಿ ಅರ್ಕಾವತ್ತಿನ ಗುರುತು ವ್ಯಂಜನದ ಆಮೇಲೆ ಕೂರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ‘ಸೂರ್ಯ’ ಸಿಕ್ಕಾಗ ಕೋಡ್ ಆ ಗುರುತನ್ನು ಹಿಂದಕ್ಕೆ ಎಳೆದು ಯಕಾರಕ್ಕಿಂತ ಮೊದಲು ಇಡುತ್ತದೆ. ‘ರ‍್ಯಾಂಕ್’ ಸಿಕ್ಕಾಗ ರಕಾರ ಪೂರ್ತಿ ಉಳಿದು ಯಕಾರ ಒತ್ತಾಗಬೇಕು. ಅದಕ್ಕೆ ರಕಾರಕ್ಕೂ ಅದರ ಸ್ವರ ತೆಗೆಯುವ ಹಲಂತ ಚಿಹ್ನೆಗೂ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಹಾಕಬೇಕು. ‘ರ‍್ಯಾಂಕ್’ ತಪ್ಪಾಗಿದೆ ಎಂಬ ದೂರು ಬಂದಾಗ ಅದೊಂದನ್ನೇ ಸರಿ ಮಾಡಲು ಹೊರಟವರು ‘ಸೂರ್ಯ’ನನ್ನು ಕೆಡಿಸುತ್ತಾರೆ. ತಿದ್ದುವ ಮೊದಲು ಎರಡೂ ಪದಕ್ಕೆ ಟೆಸ್ಟ್ ಬರೆದವರು ಯಾರು ಎಂದು ಹಳೆಯ ಪುಲ್ ರಿಕ್ವೆಸ್ಟ್‌ಗಳಲ್ಲಿ ಹುಡುಕಿ. ‘ಕೊ’ದಲ್ಲಿರುವ ಸ್ವರಚಿಹ್ನೆಯದೂ ಇದೇ ಕಥೆ. ಅದನ್ನು ಒಂದೇ ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ) ಆಗಿ ಬರೆಯಬಹುದು, ಎರಡನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗುವುದಿಲ್ಲ. ಈ ಬಗೆಯ ತೊಡಕನ್ನು ತಾಳ್ಮೆಯಿಂದ ಹಿಡಿದು ತೋರಿಸಿದವರ ಆರು ಪುಲ್ ರಿಕ್ವೆಸ್ಟ್, ಹೊಸ ಸೌಲಭ್ಯ ಸೇರಿಸಿದ 40ಕ್ಕಿಂತ ತೂಕದವು.

ಇನ್ನೂ ಎರಡು ಸಂಗತಿ ನೋಡಿ. ನೀವು ಅವರ ಪುಲ್ ರಿಕ್ವೆಸ್ಟ್ ತಿರಸ್ಕರಿಸಿದಾಗ ಅವರು ಏನು ಮಾಡಿದರು? ಕಾರಣ ಕೇಳಿ, ತಿದ್ದಿ, ಮತ್ತೆ ಬಂದವರು ಉಳಿಯುತ್ತಾರೆ. ಅವರ ತಿದ್ದುಪಡಿಯಿಂದ ಏನಾದರೂ ಮುರಿದಾಗ ಯಾರು ಮೊದಲು ಹೇಳಿದರು? ತಾವೇ ಬಂದು ‘ಇದು ನನ್ನಿಂದ ಆದದ್ದು’ ಎಂದಿದ್ದರೆ, ಉಳಿದ ಹತ್ತು ಕೊರತೆಗಳನ್ನು ಕಲಿಸಿ ತುಂಬಿಸಬಹುದು.

ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ ಸುಮ್ಮನಾಗುವುದಿಲ್ಲ, ನೊಗಕ್ಕೆ ಹೂಡಿಯೂ ನೋಡುತ್ತಾರೆ. ಇಲ್ಲಿಯೂ ಹಾಗೇ ಮಾಡಿ. ಮೂರು ತಿಂಗಳು ಗಡುವು ಇಟ್ಟು, ಬೇರೆಯವರ ಹತ್ತು ಪುಲ್ ರಿಕ್ವೆಸ್ಟ್‌ಗಳ ರಿವ್ಯೂ ಅವರಿಗೆ ವಹಿಸಿ. ಮರ್ಜ್ (ಲೈಬ್ರರಿಗೆ ಸೇರಿಸುವುದು) ನೀವೇ ಮಾಡಿ. ಹತ್ತರಲ್ಲಿ ಎಂಟಕ್ಕೆ ನೀವು ಸೇರಿಸುವಂಥದ್ದು ಏನೂ ಉಳಿಯಲಿಲ್ಲ ಎಂದಾದರೆ ಮುಂದಿನ ಮೆಟ್ಟಿಲು.

ಮೆಟ್ಟಿಲುಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲೇ ಸಿದ್ಧವಾಗಿವೆ, ಆದರೆ ಒಂದು ತೊಡಕುಂಟು. ನಿಮ್ಮ ಲೈಬ್ರರಿ ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಅಲ್ಲಿ ಒಡೆಯ ಮತ್ತು ಕೊಲ್ಯಾಬೊರೇಟರ್ ಎಂಬ ಎರಡೇ ದರ್ಜೆ. ಕೊಲ್ಯಾಬೊರೇಟರ್ ಆದ ಕೂಡಲೇ ಕೋಡ್ ತಳ್ಳುವ ಹಕ್ಕು ಸಿಕ್ಕಿಬಿಡುತ್ತದೆ. ಆರ್ಗನೈಸೇಶನ್ ಖಾತೆ ಉಚಿತವಾಗಿ ತೆರೆದು ಲೈಬ್ರರಿಯನ್ನು ಅಲ್ಲಿಗೆ ಸಾಗಿಸಿ. ಆಗ ರೀಡ್, ಟ್ರಯಾಜ್, ರೈಟ್, ಮೇಂಟೇನ್, ಅಡ್ಮಿನ್ ಎಂಬ ಐದು ದರ್ಜೆ ಸಿಗುತ್ತವೆ. ಮೊದಲು ಟ್ರಯಾಜ್ ಕೊಡಿ. ಅದರಲ್ಲಿ ಇಶ್ಯೂಗಳಿಗೆ ಲೇಬಲ್ ಹಚ್ಚಬಹುದು, ಮುಚ್ಚಬಹುದು, ಕೋಡ್ ಮುಟ್ಟಲಾಗದು. ಆ 180 ಇಶ್ಯೂಗಳ ಪೈಕಿ ಎಷ್ಟೋ ಒಂದರ ನಕಲು ಇನ್ನೊಂದು ಆಗಿರುತ್ತವೆ. ಅವನ್ನು ಬೇರ್ಪಡಿಸಲು ಟ್ರಯಾಜ್ ಸಾಕು.

ಸಾಗಿಸುವಾಗ ಎಡವುವ ಜಾಗ ಎರಡು. ಹಳೆಯ ವಿಳಾಸ ತಾನಾಗಿ ಹೊಸದಕ್ಕೆ ತಿರುಗುತ್ತದೆ, ಆದರೆ ಹಳೆಯ ಜಾಗದಲ್ಲಿ ಅದೇ ಹೆಸರಿನ ಮತ್ತೊಂದು ರೆಪೊಸಿಟರಿ (ಕೋಡ್ ಭಂಡಾರ) ತೆರೆದರೆ ಆ ತಿರುವು ಕಡಿದುಹೋಗುತ್ತದೆ. ಇನ್ನೊಂದು, ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐಗೆ ಟ್ರಸ್ಟೆಡ್ ಪಬ್ಲಿಶಿಂಗ್ (ಪಾಸ್‌ವರ್ಡ್ ಬದಲು ಗಿಟ್‌ಹಬ್‌ನ ಗುರುತನ್ನೇ ನಂಬುವ ವಿಧಾನ) ಮೂಲಕ ಬಿಡುಗಡೆ ಮಾಡುತ್ತಿದ್ದರೆ ಅಲ್ಲಿ ಹಳೆಯ ಒಡೆಯನ ಹೆಸರೇ ದಾಖಲಾಗಿರುತ್ತದೆ. ಹೊಸ ಹೆಸರು ಸೇರಿಸದಿದ್ದರೆ ಮುಂದಿನ ಬಿಡುಗಡೆ ನಡುದಾರಿಯಲ್ಲಿ ನಿಲ್ಲುತ್ತದೆ.

ವಿಜಯಪುರ: ಇಮೇಲ್‌ನಲ್ಲಷ್ಟೇ ಪರಿಚಯವಿರುವ ಒಬ್ಬರು ಮೂರು ತಿಂಗಳಿಂದ ಒಳ್ಳೆಯ ತಿದ್ದುಪಡಿ ಕಳಿಸುತ್ತಿದ್ದಾರೆ. ಈಗ ಬೇರೆ ಇಬ್ಬರು ‘ನಿಮಗೆ ಪುರಸೊತ್ತಿಲ್ಲದಿದ್ದರೆ ಅವರಿಗೆ ಕೊಟ್ಟುಬಿಡಿ’ ಎಂದು ಮೇಲಿಂದ ಮೇಲೆ ಬರೆಯುತ್ತಿದ್ದಾರೆ. ನನಗೂ ಸಾಕಾಗಿದೆ. ಕೊಡಲೇ?

ಸದ್ಯಕ್ಕೆ ಕೊಡಬೇಡಿ. ನಿಮ್ಮ ದಣಿವು ನಿಜವಾದದ್ದು, ಅದಕ್ಕೆ ದಾರಿ ಆಮೇಲೆ ಹೇಳುತ್ತೇವೆ. ಆದರೆ ನೀವು ಬರೆದ ಚಿತ್ರ, ಎಕ್ಸ್‌ಜೆಡ್ ಯುಟಿಲ್ಸ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ನಡೆದದ್ದನ್ನೇ ಹೋಲುತ್ತದೆ. ಅದನ್ನು ಒಬ್ಬರೇ ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. 2021ರ ಕೊನೆಯಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ತಿದ್ದುಪಡಿಗಳು ಬರತೊಡಗಿದವು. 2022ರಲ್ಲಿ ಹಿಂದೆ ಯಾರೂ ಕಂಡಿರದ ಕೆಲವು ಹೆಸರುಗಳು ‘ಕೆಲಸ ನಿಧಾನವಾಗಿದೆ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ’ ಎಂದು ಒತ್ತಾಯ ಹಾಕಿದವು. ಕೊನೆಗೆ ಆ ಹೆಸರಿಗೆ ಬಿಡುಗಡೆಯ ಹಕ್ಕೂ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬಳಸುವವರ ಕಂಪ್ಯೂಟರಿಗೆ ಕದ್ದು ನುಗ್ಗಲು ಹಿಂಬಾಗಿಲು ಇತ್ತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ದೂರದ ಕಂಪ್ಯೂಟರಿಗೆ ಸೇರಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ, 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು.

ಇದರಲ್ಲಿ ನಮ್ಮನ್ನು ಕಾಡುವ ಸಂಗತಿ ಒಂದಿದೆ. ಮೇಲೆ ಬಾಗಲಕೋಟೆಯವರಿಗೆ ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಆ ಹೆಸರು ಪಾಸಾಗುತ್ತಿತ್ತು. ಎರಡು ವರ್ಷಕ್ಕೂ ಮೀರಿದ ತಾಳ್ಮೆ, ಸಭ್ಯ ಮಾತು, ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ, ಎಲ್ಲವೂ ಇತ್ತು. ಹಾಗಾಗಿ ವ್ಯಕ್ತಿಯನ್ನು ಎಷ್ಟೇ ಸರಿಯಾಗಿ ಆರಿಸಿದರೂ ಆಯ್ಕೆಯೊಂದೇ ಕಾಯುವುದಿಲ್ಲ. ಮರ್ಜ್ ಮಾಡುವ ಹಕ್ಕು ಒಂದು ಕೀಲಿಕೈ, ಬಿಡುಗಡೆ ಮಾಡುವ ಹಕ್ಕು ಇನ್ನೊಂದು. ಎರಡನೆಯದಕ್ಕೆ ಯಾವಾಗಲೂ ಎರಡು ಕೈ ಬೇಕು. 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನ ಈವೆಂಟ್‌ಸ್ಟ್ರೀಮ್ ಎಂಬ ಲೈಬ್ರರಿಯಲ್ಲಿ ಇದು ಇನ್ನೂ ಸುಲಭವಾಗಿ ನಡೆಯಿತು. ಆಸಕ್ತಿ ಕಳೆದುಕೊಂಡಿದ್ದ ಮೂಲ ಲೇಖಕರು, ಕೇಳಿದ ಅಪರಿಚಿತರಿಗೆ ಪ್ರಕಟಣೆಯ ಹಕ್ಕನ್ನೇ ನೇರ ಕೊಟ್ಟರು. ಹೊಸಬರು ಫ್ಲಾಟ್‌ಮ್ಯಾಪ್‌ಸ್ಟ್ರೀಮ್ ಎಂಬ ಸಣ್ಣ ಅವಲಂಬನೆಯೊಂದನ್ನು ಸೇರಿಸಿದರು. ಅದರೊಳಗಿನ ಕೋಡ್ ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್‌ನ ಬಳಕೆದಾರರನ್ನು ಗುರಿ ಮಾಡಿತ್ತು.

ನೀವು ಮಾಡಬೇಕಾದದ್ದು ಇಷ್ಟು. ಒತ್ತಾಯ ಹಾಕುತ್ತಿರುವ ಆ ಎರಡು ಖಾತೆಗಳು ಯಾವಾಗ ಹುಟ್ಟಿದವು, ಎಂದಾದರೂ ಒಂದು ಬಗ್ ವರದಿ ಮಾಡಿವೆಯೇ, ಬೇರೆಲ್ಲಾದರೂ ಕೆಲಸ ಮಾಡಿವೆಯೇ ನೋಡಿ. ಬರೀ ಒತ್ತಾಯಕ್ಕೆಂದೇ ಬಂದಿದ್ದರೆ ಉತ್ತರ ಕೊಡಬೇಕಿಲ್ಲ. ನೆರವಿಗೆ ಬಂದವರಿಗೆ ಮಾತ್ರ ಸೌಜನ್ಯದಿಂದ ‘ಆರು ತಿಂಗಳ ಬಳಿಕ ತೀರ್ಮಾನ, ಅಲ್ಲಿಯವರೆಗೆ ರಿವ್ಯೂ ಮಾಡಿ’ ಎಂದು ತಾರೀಖು ಹಾಕಿ ಬರೆಯಿರಿ. ಪ್ರಾಮಾಣಿಕರಾದರೆ ಕಾಯುತ್ತಾರೆ. ಆಧಾರ್ ಪ್ರತಿ ಕೇಳಬೇಕೇ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಬೇಡ. ಎಷ್ಟೋ ಒಳ್ಳೆಯ ಮೇಂಟೇನರ್‌ಗಳು ಅಡ್ಡಹೆಸರಿನಲ್ಲೇ ಕೆಲಸ ಮಾಡುತ್ತಾರೆ, ಮೋಸಗಾರರಿಗೆ ಸುಳ್ಳು ಕಾಗದ ಕಷ್ಟವಲ್ಲ, ಮೇಲಾಗಿ ಆ ಪ್ರತಿಯನ್ನು ಕಾಪಾಡುವ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಬಿಡುಗಡೆಯನ್ನು ಯಾರ ಲ್ಯಾಪ್‌ಟಾಪಿನಿಂದಲೂ ಮಾಡಬೇಡಿ. ಎಕ್ಸ್‌ಜೆಡ್‌ನಲ್ಲಿ ಹಿಂಬಾಗಿಲನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಇಳಿಸಿಕೊಳ್ಳುವ ಕಡತದ ಕಟ್ಟಿನಲ್ಲಿ) ಮಾತ್ರ ಇತ್ತು. ಕೇಡಿನ ಉಳಿದ ಭಾಗ ಟೆಸ್ಟ್‌ಗೆಂದು ಇಟ್ಟ ಬೈನರಿ ಕಡತಗಳಲ್ಲಿ ಅಡಗಿತ್ತು. ಆದ್ದರಿಂದ ಆವೃತ್ತಿಯ ಟ್ಯಾಗ್ ಹಾಕಿದ ಕೂಡಲೇ, ಗಿಟ್‌ಹಬ್‌ನಲ್ಲೇ ತಾನಾಗಿ ಕೆಲಸ ಮಾಡುವ ಗಿಟ್‌ಹಬ್ ಆಕ್ಷನ್ಸ್‌ನಲ್ಲೇ ಕಟ್ಟಿ, ಅಲ್ಲಿಂದಲೇ ಟ್ರಸ್ಟೆಡ್ ಪಬ್ಲಿಶಿಂಗ್ ಮೂಲಕ ಪೈಪಿಐಗೆ ಹೋಗಲಿ. ಆ ವಿಧಾನದಲ್ಲಿ ಟೋಕನ್ (ಪ್ರವೇಶದ ಗುಪ್ತ ಸಂಕೇತ) 15 ನಿಮಿಷಕ್ಕೆ ಸಾಯುತ್ತದೆ, ಯಾರ ಬಳಿಯೂ ಕಾಯಂ ಟೋಕನ್ ಉಳಿಯುವುದಿಲ್ಲ. ಗಿಟ್‌ಹಬ್‌ನಲ್ಲಿ ಬಿಡುಗಡೆಗೆಂದು ಬೇರೆ ಎನ್ವಿರಾನ್‌ಮೆಂಟ್ (ಪ್ರತ್ಯೇಕ ನಿಯಮದ ಹಂತ) ಮಾಡಿ, ಇನ್ನೊಬ್ಬರು ಒಪ್ಪಿಗೆ ಒತ್ತದೆ ಮುಂದೆ ಸಾಗದಂತೆ ಕಟ್ಟು ಹಾಕಿ. ಬೈನರಿ ಟೆಸ್ಟ್ ಕಡತ ತಂದವರಿಂದ ಅದನ್ನು ತಯಾರಿಸುವ ಸ್ಕ್ರಿಪ್ಟನ್ನೂ ಕೇಳಿ.

ಇನ್ನು ನಿಮ್ಮ ದಣಿವು. ‘ಇನ್ನು ಆರು ತಿಂಗಳು ಭದ್ರತೆಯ ತಿದ್ದುಪಡಿ ಮಾತ್ರ’ ಎಂದು ಲೈಬ್ರರಿಯ ಪರಿಚಯ ಕಡತವಾದ ರೀಡ್‌ಮಿಯ ಮೊದಲ ಸಾಲಿನಲ್ಲಿ ಬರೆದುಬಿಡಿ. ಅದೂ ಆಗದಿದ್ದರೆ ರೆಪೊಸಿಟರಿಯನ್ನು ಆರ್ಕೈವ್ ಮಾಡಿ, ಓದಲು ಮಾತ್ರ ತೆರೆದಿಡಿ. ಸಂಬಳವಿಲ್ಲದೆ ಮಾಡಿದ ಕೆಲಸವನ್ನು ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ. ದಣಿದಾಗ ಸಿಕ್ಕವರ ಕೈಗೆ ಇಡುವುದಕ್ಕಿಂತ ಮುಚ್ಚಿಡುವುದು ಬಳಸುವವರಿಗೂ ಕ್ಷೇಮ.

ಬೆಳಗಾವಿ: ನಾವು ಮೂವರು ಮೇಂಟೇನರ್‌ಗಳಿದ್ದೇವೆ, ಮೂವರೂ ಒಂದೇ ಕಾಲೇಜಿನವರು. ನಾಲ್ಕನೆಯವರನ್ನು ಸೇರಿಸಿಕೊಳ್ಳಲು ಮತದಾನ ಬೇಕೇ? ಬಹಿರಂಗವಾಗಿ ಮಾಡಬೇಕೇ?

ಮತ ಬೇಕು, ಬಹಿರಂಗ ಬೇಡ. ಎಲ್ಲರೆದುರು ಹೆಸರು ಚರ್ಚೆಯಾಗಿ ಬಿದ್ದುಹೋದರೆ ಆ ವ್ಯಕ್ತಿ ಮತ್ತೆ ನಿಮ್ಮತ್ತ ತಿರುಗುವುದಿಲ್ಲ, ಅದೇ ಭಯಕ್ಕೆ ನಿಮ್ಮಲ್ಲೂ ಯಾರೂ ಮನಸ್ಸಿನ ಮಾತು ಆಡುವುದಿಲ್ಲ. ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳಲ್ಲಿ ಹೊಸ ಕಮಿಟರ್‌ಗಳ (ಕೋಡ್ ಸೇರಿಸುವ ಹಕ್ಕು ಪಡೆಯುವವರ) ಚರ್ಚೆ ಖಾಸಗಿ ಪಟ್ಟಿಯಲ್ಲಿ ನಡೆಯುತ್ತದೆ, ಮತಕ್ಕೆ ಸಾಮಾನ್ಯವಾಗಿ 72 ಗಂಟೆ ಬಿಡುತ್ತಾರೆ. ಪೈಥಾನ್ ಭಾಷೆಯ ಕೋರ್ ತಂಡದಲ್ಲಿ ಮತ ಒಂದು ವಾರ ತೆರೆದಿರುತ್ತದೆ, ಮೂರರಲ್ಲಿ ಎರಡು ಪಾಲು ಒಪ್ಪಬೇಕು. ನೀವು ಮೂವರೇ ಇರುವುದರಿಂದ ಒಂದು ವಾರ ಬಿಡಿ, ಎಲ್ಲರೂ ಒಪ್ಪಬೇಕೆಂದು ಇಟ್ಟುಕೊಳ್ಳಿ. ಬೇಡ ಎನ್ನುವವರು ಕಾರಣ ಬರೆಯಬೇಕು, ಮೂರು ತಿಂಗಳ ಬಳಿಕ ಅದೇ ಹೆಸರನ್ನು ಮತ್ತೆ ಎತ್ತಬೇಕು. ಕಾರಣ ಬರೆಯದ ವಿರೋಧ ಲೆಕ್ಕಕ್ಕಿಲ್ಲ.

ಗೆದ್ದವರನ್ನು ಪ್ರಕಟಿಸುವ ಮೊದಲು ಅವರನ್ನೇ ಖಾಸಗಿಯಾಗಿ ಕೇಳಿ. ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಎಂಬ ಪ್ರಶ್ನೆಗೆ ‘ಎರಡು’ ಎಂಬ ಉತ್ತರ ‘ಬೇಕಾದಷ್ಟು’ ಎಂಬ ಉತ್ತರಕ್ಕಿಂತ ಒಳ್ಳೆಯದು.

ನಿಮ್ಮ ಪತ್ರದಲ್ಲಿ ನೀವು ಕೇಳದೆ ಬಿಟ್ಟ ಸಂಗತಿಯೇ ಹೆಚ್ಚು ಮುಖ್ಯ. ಮೂವರೂ ಒಂದೇ ಕಾಲೇಜಾದರೆ ಸೆಮಿಸ್ಟರ್ ಪರೀಕ್ಷೆ ಬಂದಾಗ ಮೂವರೂ ಒಟ್ಟಿಗೆ ಮಾಯ. ವಿಟಿಯು ವೇಳಾಪಟ್ಟಿ ಅದರಡಿಯ ಸ್ವಾಯತ್ತವಲ್ಲದ ಕಾಲೇಜುಗಳಿಗೆಲ್ಲ ಒಂದೇ ಆದ್ದರಿಂದ ಅಂಥ ಪಕ್ಕದ ಕಾಲೇಜಿನವರನ್ನು ಸೇರಿಸಿಕೊಂಡರೂ ಪ್ರಯೋಜನವಿಲ್ಲ. ನಾಲ್ಕನೆಯವರು ಕೆಲಸದಲ್ಲಿರುವವರೋ, ಲೈಬ್ರರಿಯನ್ನು ದಿನವೂ ಬಳಸುವ ಅಚ್ಚುಕೂಟದವರೋ ಆಗಲಿ. ಪರೀಕ್ಷೆಗೆ ಮೂರು ವಾರ ಇರುವಾಗ ಬಿಡುಗಡೆ ನಿಲ್ಲಿಸುವ ನಿಯಮವನ್ನೂ ಇಟ್ಟುಕೊಳ್ಳಿ.

ಗೋಕಾಕ: ನಾನು ಕಂಪ್ಯೂಟರ್ ವಿಭಾಗದ ಉಪನ್ಯಾಸಕಿ. ಅಂಕಕ್ಕಾಗಿ ವಿದ್ಯಾರ್ಥಿಗಳು ಮುಕ್ತ ತಂತ್ರಾಂಶಕ್ಕೆ ಪುಲ್ ರಿಕ್ವೆಸ್ಟ್ ಕಳಿಸಲಿ ಎಂದು ಯೋಚಿಸಿದ್ದೇವೆ. ಅವರಿಂದ ಮುಂದೆ ಮೇಂಟೇನರ್‌ಗಳು ಬರಬಹುದೇ?

ಪುಲ್ ರಿಕ್ವೆಸ್ಟ್ ಎಣಿಸಿ ಅಂಕ ಕೊಟ್ಟರೆ ಬರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಹೊತ್ತಿಗೆ ಟೀ ಶರ್ಟ್‌ಗಾಗಿ ರೀಡ್‌ಮಿಯಲ್ಲಿ ಒಂದೊಂದು ಪದ ಬದಲಿಸಿದ ಪುಲ್ ರಿಕ್ವೆಸ್ಟ್‌ಗಳು ಮಳೆಯಂತೆ ಸುರಿದವು. ನಡೆಸುವವರು ಆ ವರ್ಷವೇ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದರು. ಅಂಕವನ್ನು ಬೇರೆ ಕೆಲಸಕ್ಕೆ ಕೊಡಿ. ಹಳೆಯ ಬಗ್ ಒಂದನ್ನು ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ, ಯಾವ ಆವೃತ್ತಿ, ಯಾವ ಇನ್‌ಪುಟ್, ಏನು ಬರಬೇಕಿತ್ತು, ಏನು ಬಂತು ಎಂದು ಬರೆಯುವುದು. ಒಬ್ಬರಿಗೆ ಸೆಮಿಸ್ಟರ್‌ಗೆ ಐದು ಸಾಕು. ಮೇಂಟೇನರ್‌ಗೆ ಇದರಷ್ಟು ಉಪಕಾರ ಇನ್ನೊಂದಿಲ್ಲ. ಅಂಕ ಸಿಕ್ಕ ಮೇಲೂ ಆರನೆಯದನ್ನು ಮಾಡಿದ ವಿದ್ಯಾರ್ಥಿ ಯಾರೆಂದು ಗುರುತಿಟ್ಟುಕೊಳ್ಳಿ.

ಜಮಖಂಡಿ: ಒಮ್ಮತದಿಂದ ಸೇರಿಸಿಕೊಂಡ ಮೇಂಟೇನರ್ ಎಂಟು ತಿಂಗಳಿಂದ ಸುದ್ದಿಯಿಲ್ಲ. ಪೈಪಿಐನಲ್ಲಿ ಅವರಿಗೂ ಹಕ್ಕಿದೆ. ವಯಸ್ಸಿನಲ್ಲಿ ಹಿರಿಯರು, ತೆಗೆದುಹಾಕಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಗೌರವವನ್ನೂ ಕೀಲಿಕೈಯನ್ನೂ ಬೇರೆ ಮಾಡಿ. ಹೆಸರು ಮೇಂಟೇನರ್ಸ್ ಕಡತದಲ್ಲಿ ‘ಹಿಂದಿನ ಮೇಂಟೇನರ್‌ಗಳು’ ಎಂಬ ಸಾಲಿನಲ್ಲಿ ಶಾಶ್ವತವಾಗಿ ಇರಲಿ. ಹಕ್ಕು ಮಾತ್ರ ಹಿಂದಕ್ಕೆ ಬರಲಿ. ಯಾರೂ ಬಳಸದ ಖಾತೆಯ ಪಾಸ್‌ವರ್ಡ್ ಕದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲಿ. ಪೈಥಾನ್ ಕೋರ್ ತಂಡದಲ್ಲೂ ಎರಡು ವರ್ಷ ಗಣನೀಯ ಕೆಲಸ ಮಾಡದವರನ್ನು ನಿಷ್ಕ್ರಿಯರ ಪಟ್ಟಿಗೆ ಹೋಗುವಂತೆ ಕೇಳಬಹುದು, ಉತ್ತರ ಬಾರದಿದ್ದರೆ ತಾವೇ ಸರಿಸಬಹುದು. ಸಣ್ಣ ಲೈಬ್ರರಿಗೆ ಆರು ತಿಂಗಳು ಸಾಕು ಎಂಬುದು ನಮ್ಮ ಅಭಿಪ್ರಾಯ.

ಇಮೇಲ್ ಕಳಿಸುವ ಮೊದಲು ಫೋನ್ ಮಾಡಿ. ನಮ್ಮ ಕಡೆ ಹಿರಿಯರಿಗೆ ಇಂಥ ಮಾತನ್ನು ಬರಹದಲ್ಲಿ ಮೊದಲು ಮುಟ್ಟಿಸಿದರೆ ಅದು ನೋಟಿಸ್ ಕೊಟ್ಟ ಹಾಗಾಗುತ್ತದೆ. ‘ಸರ್, ಖಾತೆ ಭದ್ರವಾಗಿರಲಿ ಅಂತ ಹಕ್ಕು ತಾತ್ಕಾಲಿಕ ತೆಗೀತೀವ್ರಿ, ನೀವು ಬಂದ ದಿನ ಕೇಳಿದ್ರ ಸಾಕು’ ಎಂದರೆ ಬಹುಪಾಲು ಜನ ನಿರಾಳವಾಗುತ್ತಾರೆ. ಕೆಲಸ ಬಿಟ್ಟೆನಲ್ಲ ಎಂಬ ಸಂಕೋಚಕ್ಕೇ ಎಷ್ಟೋ ಮಂದಿ ಮೌನವಾಗಿರುತ್ತಾರೆ.

ತೆಗೆಯುವ ಮುನ್ನ ಒಂದು ಎಚ್ಚರ. ಪೈಪಿಐನಲ್ಲಿ ಓನರ್, ಮೇಂಟೇನರ್ ಎಂಬ ಎರಡು ದರ್ಜೆಗಳಿವೆ. ಮೇಂಟೇನರ್ ಆವೃತ್ತಿ ಏರಿಸಬಹುದು, ಆದರೆ ಯಾರನ್ನೂ ಸೇರಿಸುವ ಹಾಗಿಲ್ಲ, ಏನನ್ನೂ ಅಳಿಸುವ ಹಾಗಿಲ್ಲ. ನೀವು ಬರೀ ಮೇಂಟೇನರ್ ಆಗಿದ್ದು ಅವರೊಬ್ಬರೇ ಓನರ್ ಆಗಿದ್ದರೆ, ಫೋನ್ ಮಾಡಿದಾಗ ಮೊದಲು ನಿಮ್ಮಲ್ಲಿ ಇಬ್ಬರನ್ನು ಓನರ್ ಮಾಡಿಸಿಕೊಳ್ಳಿ. 2024ರ ಜನವರಿ 1ರಿಂದ ಪೈಪಿಐನಲ್ಲಿ ಎರಡು ಹಂತದ ಪರಿಶೀಲನೆ ಕಡ್ಡಾಯ. ಮೊಬೈಲ್ ಕಳೆದು, ರಿಕವರಿ ಕೋಡ್ ಬರೆದಿಡದಿದ್ದರೆ ಅವರಿಗೂ ಒಳಗೆ ಹೋಗುವುದು ಕಷ್ಟವಾಗುತ್ತದೆ. ಓನರ್ ಆದವರು ಆ ಕೋಡ್‌ಗಳನ್ನು ಕಾಗದದಲ್ಲಿ ಮುದ್ರಿಸಿ ಮನೆಯ ಪತ್ರಗಳ ಜೊತೆ ಇಡಲಿ.

ಅಥಣಿ: ನಾವು ಬಳಸುವ ಪೈಥಾನ್ ಪ್ಯಾಕೇಜಿನ ಲೇಖಕರು ಮೂರು ವರ್ಷದಿಂದ ಉತ್ತರಿಸುತ್ತಿಲ್ಲ. ಅದೇ ಹೆಸರನ್ನು ನಾವು ಪಡೆಯಬಹುದೇ?

ಪಡೆಯಲು ದಾರಿ ಇದೆ, ಕಿರಿದಾದದ್ದು. ಪೆಪ್ 541 ಎಂಬ ನಿಯಮದ ಪ್ರಕಾರ ಒಡೆಯರು ಸಂಪರ್ಕಕ್ಕೆ ಸಿಗದೆ, 12 ತಿಂಗಳಿಂದ ಬಿಡುಗಡೆಯಿಲ್ಲದೆ, ಯೋಜನೆಯ ಪುಟದಲ್ಲೂ ಅವರ ಚಟುವಟಿಕೆಯಿಲ್ಲದೆ ಇದ್ದರೆ ಮಾತ್ರ ಅದು ಕೈಬಿಟ್ಟ ಪ್ಯಾಕೇಜ್. ನೀವು ಅವರನ್ನು ಸಂಪರ್ಕಿಸಲು ಮಾಡಿದ ಯತ್ನಗಳ ದಾಖಲೆ ಇರಬೇಕು. ನಿಮ್ಮ ಫೋರ್ಕ್‌ನಲ್ಲಿ (ಅದೇ ಕೋಡ್‌ನ ನಿಮ್ಮದೇ ಪ್ರತಿಯಲ್ಲಿ) ಸುಧಾರಣೆ ಮಾಡಿ ತೋರಿಸಿರಬೇಕು. ಬೇರೆ ಹೆಸರಿನಲ್ಲಿ ಯಾಕೆ ಸಾಗದು ಎಂದು ವಿವರಿಸಬೇಕು. ಆಮೇಲೆ ಪೈಪಿಐನವರು ತಾವೂ ಕನಿಷ್ಠ ಮೂರು ಸಲ ಒಡೆಯರನ್ನು ಹುಡುಕುತ್ತಾರೆ, ಆರು ವಾರ ಕಾಯುತ್ತಾರೆ. ಹೆಚ್ಚಿನವರು ಸೋಲುವುದು ಫೋರ್ಕ್ ಮಾಡದೆ ಹೆಸರು ಕೇಳಿದಾಗ. ಫೋರ್ಕನ್ನು ಬೇರೆ ಹೆಸರಿನಲ್ಲಿ ಇಂದೇ ಬಿಡುಗಡೆ ಮಾಡಿ, ನಿಮ್ಮ ಕೆಲಸ ನಿಲ್ಲುವುದಿಲ್ಲ. ಪರ್ಲ್ ಭಾಷೆಯ ಪ್ಯಾಕೇಜ್ ಭಂಡಾರವಾದ ಸಿಪ್ಯಾನ್‌ನಲ್ಲಿ ಅಡಾಪ್ಟ್‌ಮಿ, ಹ್ಯಾಂಡ್‌ಆಫ್, ನೀಡ್‌ಹೆಲ್ಪ್ ಎಂಬ ಹೆಸರುಗಳನ್ನು ಸಹ ಮೇಂಟೇನರ್ ಆಗಿ ಸೇರಿಸಿ ‘ಇದಕ್ಕೆ ಆಸರೆ ಬೇಕು’ ಎಂದು ಸೂಚಿಸುವ ಪದ್ಧತಿಯಿದೆ. ಬಿಡುವವರೇ ಮುಂಚೆ ಹೇಳಿ ಹೋಗುವ ಈ ಏರ್ಪಾಡು ಬೇರೆ ಕಡೆಯೂ ಬಂದರೆ ಎಷ್ಟು ಚೆನ್ನ.

ಸಿಂದಗಿ: ಕೋಡ್ ಬರೆಯುತ್ತೇನೆ, ರಿವ್ಯೂ ಮಾಡುತ್ತೇನೆ, ಆದರೆ ಇಂಗ್ಲಿಷ್ ಬರವಣಿಗೆ ಸರಿಯಾಗಿ ಬಾರದು. ಕನ್ನಡದ ಲೈಬ್ರರಿಗೆ ನನ್ನಂಥವಳನ್ನು ಮೇಂಟೇನರ್ ಮಾಡುತ್ತಾರೆಯೇ?

ಮಾಡಬೇಕು. ಆ ಲೈಬ್ರರಿಯ ಮೇಂಟೇನರ್‌ಗಳಿಗೂ ಇದೇ ಮಾತು ಹೇಳುತ್ತೇವೆ. ಒತ್ತಕ್ಷರ ಎಲ್ಲಿ ತಪ್ಪಿತು ಎಂದು ಕಣ್ಣಿಟ್ಟು ಹಿಡಿಯುವವರು ಇಂಗ್ಲಿಷ್ ಚೆನ್ನಾಗಿ ಬರೆಯುವವರಿಗಿಂತ ಅಪರೂಪ. ಇಶ್ಯೂ, ರಿವ್ಯೂ ಕನ್ನಡದಲ್ಲೇ ನಡೆಯಲಿ, ಇಶ್ಯೂ ಫಾರ್ಮನ್ನೂ ಕನ್ನಡದಲ್ಲೇ ಇಡಿ. ಕಮಿಟ್ ಸಂದೇಶ ಮತ್ತು ಚೇಂಜ್‌ಲಾಗ್ ಮಾತ್ರ ಇಂಗ್ಲಿಷಿನಲ್ಲೂ ಬೇಕು, ಲೈಬ್ರರಿಯನ್ನು ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳಿಗೆ ಸೇರಿಸುವವರು ಅದನ್ನೇ ಓದುತ್ತಾರೆ. ಹಳೆಯ 20 ಕಮಿಟ್ ಸಂದೇಶಗಳನ್ನು ಓದಿ ನೋಡಿ. ಏನು ಬದಲಾಯಿತು ಎಂದು ಒಂದು ಸಾಲು, ಯಾಕೆ ಎಂದು ಎರಡು ಸಾಲು, ಅಷ್ಟೇ ಇರುತ್ತದೆ. ಮೊದಲ ಕೆಲವು ಸಂದೇಶಗಳನ್ನು ಇನ್ನೊಬ್ಬ ಮೇಂಟೇನರ್ ತಿದ್ದಿಕೊಡಲಿ, ಒತ್ತಕ್ಷರದ ರಿವ್ಯೂ ನೀವು ಮಾಡಿಕೊಡಿ.